ಕಾಲು ತಾಗದ ಕಡೆ

ನನ್ನ ಜನ್ಮದಲ್ಲಿ ನನ್ನನ್ನು ಮೊಟ್ಟಮೊದಲು ಬಾಯ್ತುಂಬ ಬೈದವಳು ಗಳದಕ್ಕ. ಅದಕ್ಕೇ ಅವಳ ನೆನಪಾದರೆ ಈ ವಯಸ್ಸಿನಲ್ಲೂ ನನ್ನ ಕಣ್ಣು ತುಂಬುತ್ತದೆ. ನಗುವವರು ನಗಲಿ, ನನಗೇನು.

ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಬೈಯುತ್ತಿರಲಿಲ್ಲ. ಎಳವೆಯಲ್ಲಿ ಬಂದ ಜ್ವರ ನನ್ನ ಎಡಗಾಲನ್ನು ಸಣಕಲು ಮಾಡಿಟ್ಟು ಹೋಗಿತ್ತು. ಕಬ್ಬಿಣದ ಪಟ್ಟಿಯ ಬೂಟು ಹಾಕಿಕೊಂಡರೆ ನಡೆಯಬಲ್ಲೆ. ಆದರೆ ನಡೆಯಲು ಬಿಟ್ಟರೆ ತಾನೇ? ನೀರು ಬೇಕೆನ್ನುವ ಮೊದಲೇ ಅಮ್ಮ ಲೋಟ ಹಿಡಿದು ನಿಂತಿರುತ್ತಿದ್ದಳು. ಅಪ್ಪ ಕುರ್ಚಿ ಎಳೆದುಕೊಡುತ್ತಿದ್ದರು. ಮನೆ ಮೇಲಿನ ಮಹಡಿಯಲ್ಲಿತ್ತು. ಅದರ ಮೆಟ್ಟಿಲುಗಳನ್ನು ನಾನು ನೋಡಿದ್ದೆಲ್ಲ ಅಣ್ಣನ ಬೆನ್ನ ಮೇಲಿಂದ. ಹೂದಾನಿ ಒಡೆದವಳು ನಾನಾದರೆ ಬೈಗುಳ ಅಣ್ಣನಿಗೆ: "ಅವಳ ಕೈಗೆ ಸಿಗೋ ಹಾಗೆ ಯಾಕೋ ಇಟ್ಟೆ?" ಪಾಪ, ನನ್ನ ಪಾಲಿನ ಬೈಗುಳವನ್ನೂ ತಿಂದುಕೊಂಡೇ ಅವನು ಬೆಳೆದ. ನನಗೆ ಹದಿನಾರು ತುಂಬಿದರೂ ಅಂಗಡಿಗೆ ಹೋಗಿ ಒಂದು ಪೆನ್ಸಿಲು ತಂದು ಗೊತ್ತಿರಲಿಲ್ಲ. ಪರಿಚಯವಿಲ್ಲದವರು ಹೆಸರು ಕೇಳಿದರೆ ಅಮ್ಮನ ಮುಖ ನೋಡುತ್ತಿದ್ದೆ.

ಡಾಕ್ಟರು, "ನೀರಲ್ಲಿ ಆಡಲಿ, ಕಾಲಿಗೆ ಒಳ್ಳೇದು" ಎಂದರು. ಅಮ್ಮನಿಗೆ ಡಾಕ್ಟರ ಮಾತೆಂದರೆ ವೇದವಾಕ್ಯ. ಮರುದಿನವೇ ನನ್ನ ಸವಾರಿ ಈಜುಕೊಳಕ್ಕೆ ಹೊರಟಿತು.

ಹಳೆಯ ಕಟ್ಟಡ ಅದು. ಬಾಗಿಲು ತೆರೆದೊಡನೆ ಮುಖಕ್ಕೆ ಬಡಿಯುವ ಬೆಚ್ಚನೆ ಹಬೆ, ಮೂಗಿಗೆ ಅಡರುವ ಕ್ಲೋರಿನ್ ವಾಸನೆ, ಹಸಿರು ಟೈಲ್ಸ್, ಎತ್ತರದ ಕಿಟಕಿಗಳಿಂದ ಓರೆಯಾಗಿ ಬೀಳುವ ಬಿಸಿಲು. ಒಬ್ಬರು ಕೆಮ್ಮಿದರೆ ನಾಲ್ಕು ಜನ ಕೆಮ್ಮಿದ ಹಾಗೆ ಕೇಳುತ್ತಿತ್ತು. ಈಗಲೂ ಯಾರಾದರೂ ಬಚ್ಚಲಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಸಾಕು, ನಾನು ಅಲ್ಲಿಗೇ ಹೋಗಿಬಿಡುತ್ತೇನೆ. "ಬಾಗಿಲಲ್ಲಿ ನಿಂತು ಏನಮ್ಮಾ ಮೂಸ್ತಿದೀಯ?" ಎಂದು ಮಗಳು ರೇಗುತ್ತಾಳೆ. ಅವಳಿಗೇನು ಗೊತ್ತು.

ಮಧ್ಯಾಹ್ನದ ಹೊತ್ತು ಹೆಂಗಸರಿಗೆ ಮಾತ್ರ. ಅಣ್ಣ ನನ್ನನ್ನು ಬಾಗಿಲಲ್ಲಿ ಇಳಿಸುತ್ತಿದ್ದಂತೆ ಟಿಕೆಟ್ ಕಿಂಡಿಯ ಬಳಿಯಿಂದ ಗುಡುಗಿನಂಥ ದನಿ ಬಂತು: "ಏನು, ಮಹಾರಾಣಿಯವರ ಮೆರವಣಿಗೆಯೋ? ಬಾಗಿಲು ಮುಚ್ಚಿ! ಬಿಸಿಯೆಲ್ಲ ಆಚೆ ಹೋಗ್ತಿದೆ!"

ನಾನು ಬೆಕ್ಕಸ ಬೆರಗಾಗಿ ನೋಡಿದೆ. ನೀಲಿ ಮೇಲಂಗಿಯ ದಪ್ಪನೆಯ ಹೆಂಗಸು, ಸೊಂಟದಲ್ಲಿ ಬೀಗದ ಕೈ ಗೊಂಚಲು, ಕೈಯಲ್ಲಿ ತನ್ನ ಎರಡರಷ್ಟು ಉದ್ದದ ಬಿದಿರ ಗಳ. ಅಮ್ಮ ತಗ್ಗಿದ ದನಿಯಲ್ಲಿ, "ಸ್ವಲ್ಪ ನಿಧಾನ... ಅವಳಿಗೆ ಕಾಲು..." ಎಂದಳು.

"ಕಾಲು ಕಾಣ್ತಿದೆ ಕಣಮ್ಮ, ನನಗೇನು ಕಣ್ಣಿಲ್ವಾ? ಕೈ ಸರಿಯಾಗಿದೆ ತಾನೇ? ಬಾಗಿಲು ಮುಚ್ಚೋದು ಕೈಯಲ್ಲಿ."

ನಾನು ತಿರುಗಿ ಬಾಗಿಲು ಮುಚ್ಚಿದೆ. ಅಮ್ಮನ ಮುಖ ಇಷ್ಟು ಸಣ್ಣಗಾಗಿತ್ತು. ನನಗೆ ಮಾತ್ರ ಒಳಗೊಳಗೇ ಎಂಥದೋ ಖುಷಿ. ಎಲ್ಲ ಹುಡುಗಿಯರ ಹಾಗೆ ನನಗೂ ಒಂದು ಬೈಗುಳ ಬಿದ್ದಿತ್ತು!

ಆ ಗಳದಿಂದಲೇ ಅವಳಿಗೆ ಗಳದಕ್ಕ ಎಂಬ ಹೆಸರು. ಹಿಂದೆ ಅಲ್ಲಿ ಈಜು ಕಲಿಸುವ ಹೆಂಗಸೊಬ್ಬಳಿದ್ದಳಂತೆ. ಅವಳು ಕೆಲಸ ಬಿಟ್ಟ ಮೇಲೆ ಟಿಕೆಟ್ ಕೊಡುತ್ತಿದ್ದ ಇವಳೇ ಗಳ ಎತ್ತಿಕೊಂಡು ದಡಕ್ಕೆ ಬಂದಳು. ಬೇಡ ಅನ್ನುವ ಎದೆಗಾರಿಕೆ ಯಾರಿಗಿತ್ತು? ಅವಳು ಕಲಿಸುವ ರೀತಿಯೇ ಬೇರೆ. ತಾನು ದಡದಲ್ಲಿ ನಿಂತು ಗಳದ ತುದಿಯನ್ನು ನೀರಿಗೆ ಚಾಚುವಳು. ಕಲಿಯುವವಳು ಅದನ್ನು ಹಿಡಿದು ಕಾಲು ಬಡಿಯಬೇಕು. ಇವಳು ದಡದ ಉದ್ದಕ್ಕೂ ಹಿಂದಕ್ಕೆ ನಡೆಯುತ್ತ ಎಳೆದುಕೊಂಡು ಹೋಗುವಳು, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು: "ನೀರಿನ ಜೊತೆ ಜಗಳ ಆಡ್ಬೇಡ, ತಳ್ಳು! ಗಲ್ಲ ಇಳಿಸು! ಮೂಗಿಗೆ ನೀರು ಹೋದ್ರೆ ಯಾರೂ ಸಾಯಲ್ಲ!" ಸ್ವಲ್ಪ ದಿನವಾದ ಮೇಲೆ ಹೇಳದೆ ಕೇಳದೆ ಗಳವನ್ನು ಎತ್ತಿಬಿಡುವಳು. ಅಷ್ಟರಲ್ಲಿ ಈಜು ಬಂದಿರುತ್ತಿತ್ತು.

ನಾನು ಮೊದಲ ದಿನ ಸೊಂಟದಿಂದ ಕೆಳಕ್ಕೆ ಟವೆಲ್ಲು ಸುತ್ತಿಕೊಂಡು ನೀರಿನ ಅಂಚಿನವರೆಗೂ ಬಂದೆ. ಕಾಲು ಯಾರಿಗೂ ಕಾಣಬಾರದು. ಗಳದಕ್ಕ ಗಳದ ತುದಿಯಿಂದ ಟವೆಲ್ಲನ್ನು ಮೀಟಿ, "ಇದನ್ನ ಹೊದ್ಕೊಂಡೇ ಈಜ್ತೀಯಾ? ಮುಳುಗಿದ್ರೆ ಟವೆಲ್ಲಿನ ದುಡ್ಡು ನಿಮ್ಮಪ್ಪ ಕಟ್ಬೇಕು" ಎಂದಳು. ಅಮ್ಮ ಹಲ್ಲು ಕಚ್ಚಿಕೊಂಡು ಬೆಂಚಿನ ಮೇಲೆ ಹೆಣಿಗೆ ಹಾಕುತ್ತ ಕೂತಿದ್ದಳು. ಆ ಸ್ವೆಟರು ಪೂರ್ತಿ ಬಿಗಿಯಾಗಿ ಬಂದಿತ್ತು, ಅಣ್ಣನ ತಲೆಯೇ ತೂರಲಿಲ್ಲ.

ಕೊಳದ ನಡುವೆ ಕೆಂಪು ಬೆಂಡು ಪೋಣಿಸಿದ ಹಗ್ಗ. ಈಚೆ ಕಡೆ ಸೊಂಟದಷ್ಟು ನೀರು, ಆಚೆ ಆಳ. ಈಚೆ ತುಂಬ ಚಿಳ್ಳೆಪಿಳ್ಳೆಗಳು. ಅವುಗಳ ನಡುವೆ ನಾನೊಬ್ಬಳು ಗಡವ. "ಅಕ್ಕ, ನಿನ್ ಕಾಲು ಯಾಕೆ ಸಣ್ಣ?" ಎಂದು ದಿನಕ್ಕೊಂದು ಮಗು ಕೇಳುತ್ತಿತ್ತು. ಅದಕ್ಕಿಂತ ದೊಡ್ಡ ಕಷ್ಟವೆಂದರೆ ಅಲ್ಲಿ ಎಲ್ಲರೂ ನಿಲ್ಲುವವರೇ. ನೆಲ ಪಾಚಿಗಟ್ಟಿದಂತೆ ಜಾರುತ್ತಿತ್ತು. ಬೂಟಿಲ್ಲದ ನನ್ನ ಕಾಲು, ಪಕ್ಕದಲ್ಲಿ ಒಂದು ಮಗು ಕುಣಿದರೂ ಸಾಕು, ಮಡಚಿಕೊಳ್ಳುತ್ತಿತ್ತು. ಬೀಳುವುದು, ನೀರು ಕುಡಿಯುವುದು, ಯಾವುದೋ ಮಗುವಿನ ತಾಯಿ "ಅಯ್ಯೋ ಪಾಪ" ಎಂದು ಎತ್ತುವುದು. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು.

ಹಗ್ಗದ ಆಚೆ ದೊಡ್ಡ ಹುಡುಗಿಯರು ಕತ್ತಿನವರೆಗೆ ನೀರಲ್ಲಿದ್ದು ಹರಟೆ ಹೊಡೆಯುತ್ತಿದ್ದರು. ಒಂದು ದಿನ ಅವರನ್ನೇ ನೋಡುತ್ತ ನಿಂತಾಗ ನನಗೆ ಥಟ್ಟನೆ ಹೊಳೆಯಿತು: ಅಲ್ಲಿ ಯಾರ ಕಾಲೂ ನೆಲಕ್ಕೆ ತಾಗುತ್ತಿಲ್ಲ. ಅಲ್ಲಿ ಕಾಲಿನ ಮೇಲೆ ನಿಂತವರು ಒಬ್ಬರೂ ಇಲ್ಲ! ಹಾಗಿದ್ದ ಮೇಲೆ ಅಲ್ಲಿ ನಾನೂ ಅವರೂ ಒಂದೇ. ಅಂದಿನಿಂದ ನನಗೆ ಬೇರೆ ಆಸೆಯೇ ಉಳಿಯಲಿಲ್ಲ. ಹಗ್ಗದ ಆಚೆ ಹೋಗಬೇಕು, ಅಷ್ಟೇ. ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ.

ಗಳದಕ್ಕನಿಗೆ ಹೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಲಿಸ್ತೀನಿ. ಅತ್ರೆ ಮಾತ್ರ ಬಿಟ್ಹಾಕ್ತೀನಿ" ಎಂದಳು. ಕಲಿಸಿದಳು. ಅಬ್ಬಾ, ಏನು ಬೈಗುಳ, ಏನು ಎಳೆದಾಟ! ಎಡಗಾಲು ಮಾಡದ ಕೆಲಸವನ್ನು ಎರಡು ತೋಳುಗಳು ಮಾಡಬೇಕಿತ್ತು. ರಾತ್ರಿ ಅಮ್ಮ ನನ್ನ ತೋಳಿಗೆ ಎಣ್ಣೆ ತಿಕ್ಕುತ್ತ ಆ ಹೆಂಗಸಿಗೆ ಹಿಡಿಶಾಪ ಹಾಕುತ್ತಿದ್ದಳು. ನಾನು ಯಾವಾಗ ನಾಳೆಯಾಗುತ್ತದೋ ಎಂದು ಕಾಯುತ್ತಿದ್ದೆ.

ಒಂದು ದಿನ ನನಗೆ ತುಂಟತನ ಹತ್ತಿತು. ಗಳ ಹಿಡಿದು ತೇಲುತ್ತಿದ್ದವಳು ಅದನ್ನು ಜೋರಾಗಿ ನನ್ನ ಕಡೆಗೆ ಜಗ್ಗಿದೆ. ಒಂದು ಡುಬುಕ್ ಆಗಲಿ, ಎಲ್ಲರೂ ನಗಲಿ ಅಂತ. ಗಳದಕ್ಕ ಕಿಟ್ಟನೆ ಕಿರುಚಿ, ಗಳ ಬಿಟ್ಟು, ಹಿಂದಕ್ಕೆ ಟೈಲ್ಸಿನ ಮೇಲೆ ದೊಪ್ಪನೆ ಕೂತುಬಿಟ್ಟಳು. ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಉಳಿದವರು ಜಾರಿದಳೆಂದುಕೊಂಡರು. ನನಗೆ ಮಾತ್ರ ಆ ಮುಖ ಗುರುತು ಸಿಕ್ಕಿತು. ಮೆಟ್ಟಿಲ ತುದಿಯಲ್ಲಿ ಅಣ್ಣ ಕಾಣದೆ ಹೋದಾಗ ನನ್ನ ಮುಖ ಹಾಗೇ ಆಗುತ್ತಿತ್ತು.

ಆಮೇಲೆ ಟವೆಲ್ಲುಗಳ ಕೋಣೆಗೆ ಹೋದೆ. ಅವಳು ಒಗೆದ ಟವೆಲ್ಲು ಮಡಚುತ್ತಿದ್ದಳು.

"ಅಕ್ಕ, ನಿಮಗೆ ಈಜು ಬರಲ್ವಾ?"

ಅವಳು ಎದ್ದು ಬಾಗಿಲು ಹಾಕಿದಳು. "ಮೆಲ್ಲಗೆ ಮಾತಾಡೇ, ಪುಣ್ಯಾತ್ಗಿತ್ತಿ."

"ನಿಜವಾಗ್ಲೂ ಬರಲ್ವಾ? ಇಷ್ಟು ಜನಕ್ಕೆ ಕಲಿಸಿದೀರಿ!"

"ಕಿಂಡಿಯಲ್ಲಿ ಕೂತು ನೋಡಿ ನೋಡಿ ಬಾಯಿಗೆ ಬಂತು, ಮೈಗೆ ಬರ್ಲಿಲ್ಲ. ನೀರು ಕಂಡ್ರೆ ನಂಗೆ ಚಿಕ್ಕಂದಿನಿಂದ ಜೀವ ಹೋಗುತ್ತೆ. ಹಾಗಂತ ದಡ ಬಿಟ್ಟಿರೋಕೂ ಆಗಲ್ಲ. ಆ ಮಕ್ಕಳ ಗಲಾಟೆ ಇಲ್ದಿದ್ರೆ ನಂಗೆ ಹೊತ್ತೇ ಹೋಗಲ್ಲ. ಮನೇಲಿ ಯಾರಿದಾರೆ? ನಾನು, ನಾಲ್ಕು ಗೋಡೆ." ಅವಳು ನನ್ನ ಕೈ ಹಿಡಿದಳು. "ಮ್ಯಾನೇಜರ್ ಮೇಡಂಗೆ ಗೊತ್ತಾದ್ರೆ ದಡದಿಂದ ಎತ್ತಂಗಡಿ. ಯಾರಿಗೂ ಹೇಳ್ಬೇಡ ಕಣೇ."

ನನಗೆ ನಗು ಬಂತು. ತಡೆಯಲು ಹೋದೆ, ಬಿಕ್ಕಳಿಕೆ ಬಂತು. ಅವಳು ಟವೆಲ್ಲಿನಿಂದ ನನ್ನ ತಲೆಗೆ ಬಡಿಯುತ್ತ ತಾನೂ ನಗಲು ಶುರುಮಾಡಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಆ ಟವೆಲ್ ರಾಶಿಯ ಮೇಲೆ ಬಿದ್ದು ನಕ್ಕೆವು. ನಾನು ಟವೆಲ್ಲಿನೊಳಗೆ ಕಾಲು ಮುಚ್ಚಿಕೊಂಡರೆ, ಅವಳು ಗಳದ ಹಿಂದೆ ಹೆದರಿಕೆ ಮುಚ್ಚಿಕೊಂಡಿದ್ದಳು. ನನಗೆ ಅದುವರೆಗೆ ಗೆಳತಿ ಅಂತ ಒಬ್ಬಳೂ ಇರಲಿಲ್ಲ. ಅವತ್ತು ಅಮ್ಮನಿಗಿಂತ ದೊಡ್ಡ ವಯಸ್ಸಿನ ಒಬ್ಬಳು ಸಿಕ್ಕಳು.

ಅದಾದ ಮೇಲೆ ಟವೆಲ್ಲು ಸುತ್ತಿಕೊಳ್ಳುವುದನ್ನು ಬಿಟ್ಟೆ. ಕಾಲಿನ ಬಗ್ಗೆ ಕೇಳಿದ ಮಗುವಿಗೆ, "ಊಟ ಸರಿಯಾಗಿ ಮಾಡ್ಲಿಲ್ಲ ಅಂತ ಅದು ಮಾತ್ರ ಸಿಟ್ಟು ಮಾಡ್ಕೊಂಡಿದೆ" ಎನ್ನುತ್ತಿದ್ದೆ. ಮನೆಯ ಮೆಟ್ಟಿಲುಗಳನ್ನು ಕಂಬಿ ಹಿಡಿದು ನಾನೇ ಇಳಿಯತೊಡಗಿದೆ. ಅಣ್ಣ ಹಿಂದೆಯೇ, "ಬೀಳ್ತೀಯ, ಬೀಳ್ತೀಯ" ಎಂದು ಜಪ ಮಾಡುತ್ತ ಬರುತ್ತಿದ್ದ. "ಬಿದ್ರೆ ಎದ್ದೇಳ್ತೀನಿ, ನೀನು ಬಾಯ್ಮುಚ್ಚು" ಎಂದೆ ಒಂದು ದಿನ. ಅವನಿಗೆ ಮೂರ್ಛೆ ಬರುವುದೊಂದು ಬಾಕಿ.

ಕೊನೆಗೊಂದು ದಿನ ನಾನೇ ಆಫೀಸಿಗೆ ಹೋಗಿ ಮ್ಯಾನೇಜರ್ ಮೇಡಂ ಮುಂದೆ ನಿಂತೆ. ಅಮ್ಮ ಜೊತೆಗೆ ಬರುತ್ತೇನೆಂದರೂ ಬೇಡವೆಂದೆ. "ಮೇಡಂ, ನನಗೆ ಆಳದ ಕಡೆ ಪಾಸು ಬೇಕು."

ಮೇಡಂ ಕೆಟ್ಟವರಲ್ಲ. ಹೆದರಿದವರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ನೋಡಮ್ಮ, ನಿನ್ನಂಥವರಿಗೆ... ಏನಾದ್ರೂ ಆದ್ರೆ ನನ್ನ ಕುತ್ತಿಗೆಗೆ ಬರುತ್ತೆ."

"ಪರೀಕ್ಷೆ ಮಾಡಿ ನೋಡಿ ಮೇಡಂ."

ಅರೆಮನಸ್ಸಿನಿಂದ ಒಪ್ಪಿದರು. ಆಳದ ಕಡೆ ಗೋಡೆಯ ಪಕ್ಕದಲ್ಲೇ ಈ ತುದಿಯಿಂದ ಆ ತುದಿಗೆ ಈಜಬೇಕು. ನಡುವೆ ಯಾರೂ ಹಿಡಿದುಕೊಳ್ಳಬಾರದು. ಒಂದೇ ಸಲ ಅವಕಾಶ. ಆಗದಿದ್ದರೆ ಮತ್ತೆ ಕೇಳುವ ಹಾಗಿಲ್ಲ. "ಆದ್ರೆ ನಿನ್ನ ಜೊತೆ ಈಜು ಗೊತ್ತಿರೋರು ನೀರಲ್ಲಿ ಇರ್ಬೇಕು" ಎಂದು ಸೇರಿಸಿದರು. "ಅದಕ್ಕೇನು, ನಮ್ಮ ಗಳದಕ್ಕ ಇದಾಳಲ್ಲ. ಅವಳೇ ಇಳೀತಾಳೆ."

ಓಡಲಾಗದವಳು ಓಡಿದಂತೆಯೇ ಟವೆಲ್ ಕೋಣೆಗೆ ಹೋದೆ. "ಅಕ್ಕ, ನಾನು ಜ್ವರ ಅಂತ ಹೇಳ್ಬಿಡ್ತೀನಿ. ಪಾಸು ಬೇಡ, ಏನೂ ಬೇಡ."

ಅವಳು ಒಂದು ಟವೆಲ್ಲನ್ನೇ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡಿದಳು. ಆಮೇಲೆ, "ನಿನ್ನ ಜ್ವರ ನಂಗ್ಯಾಕೆ? ಗೋಡೆ ಪಕ್ಕ ತಾನೇ? ನೀರಿನ ಮಟ್ಟಕ್ಕೆ ಉದ್ದಕ್ಕೂ ಕಂಬಿ ಇದೆ. ಹಿಡ್ಕೊಂಡು ಬರ್ತೀನಿ. ಮೇಡಂಗೆ ನಿನ್ನ ಪಕ್ಕ ಇದೀನಿ ಅಂತ ಕಂಡ್ರೆ ಸಾಕು" ಎಂದಳು.

ಪರೀಕ್ಷೆಯ ದಿನ ಗಳದಕ್ಕ, ಯಾರೋ ಮರೆತುಹೋದ ಬಟ್ಟೆಗಳ ಪೆಟ್ಟಿಗೆಯಿಂದ ಹೂವಿನ ಈಜುಡುಪೊಂದನ್ನು ಹುಡುಕಿ ಹಾಕಿಕೊಂಡು ಬಂದಳು. ಅವಳಿಗೆ ಅದು ಎಷ್ಟು ಬಿಗಿಯಾಗಿತ್ತೆಂದರೆ ಹುಡುಗಿಯರೆಲ್ಲ ಕಿಸಕ್ಕೆಂದರು. "ನಗಿ, ನಗಿ, ನಾಳೆ ನಿಮ್ಮನ್ನ ನೋಡ್ಕೋತೀನಿ" ಎಂದು ಗದರಿದಳು, ಆದರೆ ದನಿಯಲ್ಲಿ ಗುಡುಗಿರಲಿಲ್ಲ. ಅಮ್ಮ ಹೆಣಿಗೆ ಬಿಟ್ಟು ಎದ್ದು ನಿಂತಿದ್ದಳು. ಮೇಡಂ ಸೀಟಿ ಬಾಯಲ್ಲಿಟ್ಟುಕೊಂಡು ಎದುರು ದಡದಲ್ಲಿ ನಿಂತರು.

ನೀರಿಗೆ ಇಳಿದೆ. ಕೆಳಗೆ ನೆಲವಿಲ್ಲ. ಹಗುರವಾಗಿಬಿಟ್ಟೆ. ಗಳದಕ್ಕ ಏಣಿಯಿಂದ ಒಂದೊಂದೇ ಮೆಟ್ಟಿಲು ಇಳಿದಳು. ನೀರು ಎದೆಗೆ ಬಂದಾಗ ಕಣ್ಣು ಮುಚ್ಚಿಕೊಂಡಳು. ಕಂಬಿಯನ್ನು ಗಟ್ಟಿಯಾಗಿ ಹಿಡಿದು, "ಹೊರಡೇ" ಎಂದಳು.

ಹೊರಟೆ. ತಳ್ಳಿದೆ, ಉಸಿರು ಬಿಟ್ಟೆ, ತಳ್ಳಿದೆ. ಪಕ್ಕದಲ್ಲಿ ಅವಳು ಒಂದು ಕೈ ಮುಂದಿಟ್ಟು, ಇನ್ನೊಂದನ್ನು ಎಳೆದುಕೊಂಡು, ಬುಸುಬುಸು ಎನ್ನುತ್ತ ಬರುತ್ತಿದ್ದಳು. ಅರ್ಧ ದಾಟಿದ ಮೇಲೆ ಆ ಸದ್ದು ನಿಂತಿತು. ತಿರುಗಿ ನೋಡಿದೆ. ಅಲ್ಲಿ ಕಂಬಿ ತುಕ್ಕು ಹಿಡಿದು ಮುರಿದು, ಒಂದು ಮಾರಿನಷ್ಟು ಜಾಗ ಖಾಲಿ. ದಡದ ಅಂಚಿನ ಮರೆಯಲ್ಲಿದ್ದರಿಂದ ಮೇಲಿನಿಂದ ನೋಡುವವರಿಗೆ ಅದು ಕಾಣುತ್ತಲೇ ಇರಲಿಲ್ಲ. ಕಂಬಿಯ ತುದಿಗೆ ಜೋತುಬಿದ್ದು ಅವಳು ನನ್ನನ್ನೇ ನೋಡುತ್ತಿದ್ದಳು. ಎರಡು ಕೈಗಳಲ್ಲಿ ಒಂದರ ಹಿಡಿತ ಆಗಲೇ ಜಾರುತ್ತಿತ್ತು.

ಎದುರಿನ ಗೋಡೆ ಇನ್ನೇನು ಹತ್ತಿರವಿತ್ತು. ನಾನು ತಿರುಗಿ ಅವಳ ಬಳಿ ಬಂದೆ.

"ನನ್ನ ಹೆಗಲು ಹಿಡ್ಕೊಳ್ಳಿ."

"ನಿನ್ನನ್ನೂ ಮುಳುಗಿಸ್ಬಿಡ್ತೀನಿ ಕಣೇ..."

"ಇಲ್ಲ. ಕುತ್ತಿಗೆ ಅಲ್ಲ, ಹೆಗಲು. ಹಿಡ್ಕೊಳ್ಳಿ ಅಕ್ಕ!"

ಹಿಡಿದಳು. ನಾನು ಒಮ್ಮೆ ಮುಳುಗಿ, ನೀರು ಕುಡಿದು, ಮೇಲೆ ಬಂದೆ. ಹುಟ್ಟಿದಾಗಿನಿಂದ ನಾನು ಎಲ್ಲರ ಹೆಗಲು ಹಿಡಿದವಳು. ಒಬ್ಬರು ನನ್ನ ಹೆಗಲು ಹಿಡಿದದ್ದು ಅದೇ ಮೊದಲು. ನೀರಿನಲ್ಲಿ ಅವಳು ಅಷ್ಟೇನೂ ಭಾರವಿರಲಿಲ್ಲ. ಆ ಖಾಲಿ ಜಾಗ ದಾಟಿಸಿ ಅವಳ ಕೈಯನ್ನು ಆಚೆಯ ಕಂಬಿಗೆ ಹಚ್ಚಿದ್ದೇ ತಡ, ಸೀಟಿ ಕಿರುಚಿತು.

"ಸಾಕು, ಸಾಕು! ಮುಗೀತು!" ಮೇಡಂ ಕೈಬೀಸುತ್ತಿದ್ದರು. "ಗಳದಕ್ಕ ಹಿಡ್ಕೊಂಡು ದಾಟಿಸಿದ್ರೆ ಅದು ಈಜೋದು ಅಲ್ಲ. ನಾನು ಮೊದಲೇ ಹೇಳಿದ್ದೆ. ಆಗಲ್ಲ ಬಿಡಮ್ಮ, ಬೇಜಾರು ಮಾಡ್ಕೋಬೇಡ."

ಏನು ಹೇಳಲಿ? ನಿಜ ಹೇಳಿದರೆ ಅವಳ ದಡ ಹೋಗುತ್ತದೆ. ತಲೆ ತಗ್ಗಿಸಿ, "ಆಯ್ತು ಮೇಡಂ" ಎಂದೆ. ಕಣ್ಣೀರು ಬಂದದ್ದು ನೀರಿನಲ್ಲಿ ಯಾರಿಗೂ ಕಾಣಲಿಲ್ಲ.

"ಏನು ಆಯ್ತು?" ಪಕ್ಕದಲ್ಲಿ ಗುಡುಗಿತು. ಎರಡೂ ಕೈಯಿಂದ ಕಂಬಿ ತಬ್ಬಿಕೊಂಡು, ಕೂದಲು ಮುಖಕ್ಕೆ ಅಂಟಿಕೊಂಡು, ಗಳದಕ್ಕ ಕೂಗಿದಳು: "ಮೇಡಂ, ನಾನು ಅವಳನ್ನ ಹಿಡ್ಕೊಂಡಿಲ್ಲ. ನಾನು ಮುಳುಗ್ತಿದ್ದೆ, ಅವಳು ಬಂದು ನನ್ನನ್ನ ದಾಟಿಸಿದ್ಲು. ನಂಗೆ ಈಜು ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ!"

"ಬರ್ತಿರ್ಲಿಲ್ಲ, ಬರ್ತಿರ್ಲಿಲ್ಲ" ಎಂದು ಗೋಡೆಗಳೂ ಚಾಡಿ ಹೇಳಿದವು. ಮೇಡಂ ಕೈಯಿಂದ ಸೀಟಿ ಜಾರಿ ಬಿತ್ತು.

"ನನ್ನನ್ನ ಏನ್ ಬೇಕಾದ್ರೂ ಮಾಡ್ಕೊಳ್ಳಿ" ಎಂದಳು ಗಳದಕ್ಕ. "ಆ ಹುಡುಗಿಗೆ ಅನ್ಯಾಯ ಮಾಡ್ಬೇಡಿ."

ಮೇಡಂ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಕೊನೆಗೆ ಕ್ಷೀಣ ದನಿಯಲ್ಲಿ, "ಉಳಿದದ್ದು ಮುಗಿಸು" ಎಂದರು. ನಾನು ಉಳಿದ ದೂರವನ್ನು ಒಬ್ಬಳೇ ಈಜಿ ಗೋಡೆ ಮುಟ್ಟಿದೆ. ಚಪ್ಪಾಳೆ ತಟ್ಟಿದವರಲ್ಲಿ ಎಲ್ಲರಿಗಿಂತ ಜೋರು ನಮ್ಮಮ್ಮ. ಆಮೇಲೆ ಅವಳೇ ಹೋಗಿ ಗಳದಕ್ಕನನ್ನು ಕೈಹಿಡಿದು ಮೇಲೆತ್ತಿ, ತನ್ನ ಶಾಲು ಹೊದಿಸಿದಳು.

ನನಗೆ ಪಾಸು ಸಿಕ್ಕಿತು. ಗಳದಕ್ಕನ ಕೈಯಿಂದ ಗಳ ಹೋಯಿತು. ಕೆಲಸದಿಂದ ತೆಗೆಯಲಿಲ್ಲ ಎಂಬುದೊಂದೇ ಸಮಾಧಾನ. ಹಿಂದುಗಡೆಯ ಬಟ್ಟೆ ಒಗೆಯುವ ಕೋಣೆಗೆ ಹಾಕಿದರು. ಅಲ್ಲಿ ಕಿಟಕಿಯಿಲ್ಲ. ಕೊಳದ ಗಲಾಟೆ ಗೋಡೆಯಾಚೆ ಗುಜುಗುಜು ಎಂದು ಕೇಳುತ್ತದೆ, ಅಷ್ಟೇ. ನಾನು ಹೋಗಿ ಅವಳ ಮುಂದೆ ನಿಂತು ಗೊಳೋ ಎಂದು ಅತ್ತೆ.

"ಅಳು ನಿಲ್ಸು, ಈಗ ತಾನೇ ನೆಲ ಒರೆಸಿದೀನಿ" ಎಂದಳು. ಮಷೀನಿನಿಂದ ಒದ್ದೆ ಟವೆಲ್ಲು ಎಳೆಯುತ್ತ, ನನ್ನ ಕಡೆ ನೋಡದೆ, "ಒಂದು ಕೇಳ್ಲಾ? ನಾಡಿದ್ದು ನಂಗೆ ರಜ. ಟಿಕೆಟ್ ತಗೊಂಡು ಬರ್ತೀನಿ. ಈಚೆ ಕಡೆ, ಕಡಿಮೆ ನೀರಲ್ಲಿ. ಆ ದೊಡ್ಡ ಹುಡುಗಿಯರ್ನ ಬಿಟ್ಟು ಬರ್ತೀಯಾ?" ಎಂದಳು.

ಹೋದೆ. ಆಮೇಲೂ ಎಷ್ಟೋ ಮಧ್ಯಾಹ್ನ ಹೋದೆ. ಚಿಳ್ಳೆಪಿಳ್ಳೆಗಳ ನಡುವೆ ಒಂದು ಹೂವಿನ ಗುಡ್ಡದಂತೆ ಗಳದಕ್ಕ ನಿಂತಿರುತ್ತಿದ್ದಳು. ಜಾರುವ ನೆಲದಲ್ಲಿ ನಾನು ಅವಳ ತೋಳು ಹಿಡಿದು ನಿಲ್ಲುತ್ತಿದ್ದೆ. ಇನ್ನೊಂದು ಕೈಯನ್ನು ಅವಳ ಬೆನ್ನಡಿ ಇಟ್ಟು, "ಮಲಗಿ ಅಕ್ಕ, ನೀರು ಹೊರುತ್ತೆ" ಎನ್ನುತ್ತಿದ್ದೆ. ಅವಳು ಮಲಗುತ್ತಿದ್ದಂತೆ ಹೌಹಾರಿ ಎದ್ದುಬಿಡುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಮತ್ತೆ ಮಲಗುತ್ತಿದ್ದಳು.

ಒಂದು ಮಧ್ಯಾಹ್ನ ಅವಳ ಮೈ ಇದ್ದಕ್ಕಿದ್ದಂತೆ ಸಡಿಲವಾಯಿತು. ಕಿವಿಯವರೆಗೆ ನೀರು, ಕಣ್ಣು ಮುಚ್ಚಿದೆ, ಕಿಟಕಿಯ ಬಿಸಿಲು ನೇರ ಮುಖದ ಮೇಲೆ. ನನ್ನ ಅಂಗೈಗೆ ಅವಳ ಭಾರ ತಾಗುವುದು ನಿಂತಿತು. ಮೆಲ್ಲಗೆ ಬೆನ್ನಡಿಯ ಕೈ ತೆಗೆದೆ. ತೋಳು ಹಿಡಿದಿದ್ದ ಕೈಯನ್ನೂ ಬಿಟ್ಟೆ.

"ಹಿಡ್ಕೊಂಡಿದೀಯಾ?" ಕಣ್ಣು ತೆರೆಯದೆ ಕೇಳಿದಳು.

"ಹಿಡ್ಕೊಂಡಿದೀನಿ ಅಕ್ಕ" ಎಂದೆ. ನನ್ನ ಎರಡೂ ಕೈ ನೀರಿನ ಮೇಲಿದ್ದವು. ಅವಳು ತೇಲುತ್ತಿದ್ದಳು. ನಾನು ಏನನ್ನೂ ಹಿಡಿದುಕೊಳ್ಳದೆ ನಿಂತಿದ್ದೆ.